ಮಗ್ಗ ನಿಲ್ಲುವ ಭಾನುವಾರ

ಬನಹಟ್ಟಿ, ಗುರುವಾರ

ಪೂಜ್ಯ ಫಾದರ್ ಅವರಿಗೆ ಮಾರ್ಥಾಳ ನಮಸ್ಕಾರ.

ಮೂರು ತಿಂಗಳಿಂದ ನಾನು ಚರ್ಚಿನ ಭಾನುವಾರದ ಪೂಜೆಗೆ ಬಂದಿಲ್ಲವೆಂದು ವಿಚಾರಿಸಿದಿರಂತೆ. ಆಗ ನಾನು ಕೆಲಸಕ್ಕೆ ಸೇರಿದ ಇಲ್ಲಿನ ನೇಕಾರರ ಮನೆಯಲ್ಲಿ ಭಾನುವಾರವೂ ಮಗ್ಗ ನಡೆಯುತ್ತಿತ್ತು. ಕೆಲಸ ಹೋದರೆ ಹೋಗಲಿ ಎಂದು ಮೊನ್ನೆ ಮಾಲೀಕರಾದ ವಿಠೋಬಾ ಅವರಲ್ಲಿ ರಜೆ ಕೇಳಿದೆ.

"ನಿನಗ ಕೊಟ್ರ ಎಲ್ಲಾರೂ ಕೇಳ್ತಾರ" ಎಂದರು.

ನೂಲು ಸುತ್ತುತ್ತಿದ್ದ ಅವರ ಹೆಂಡತಿ ಗುರುಬಾಯಿ ತಲೆ ಎತ್ತಿದರು. "ಕೇಳಲಿ ಬಿಡ್ರಿ. ಮೊದಲ ನಾನ ಕೇಳಾಕತ್ತೇನಿ. ಲಗ್ನಾಗಿ ಮೂವತ್ತು ವರ್ಷ ಆತು, ಒಂದಿನಾನೂ ಸುಮ್ನ ಕುಂತಿಲ್ಲ."

ವಿಠೋಬಾ ಕಕ್ಕಾಬಿಕ್ಕಿಯಾಗಿ ನಕ್ಕುಬಿಟ್ಟರು. ಈ ವಾರದಿಂದ ಭಾನುವಾರ ಎಲ್ಲರಿಗೂ ರಜೆ!

ಗುರುಬಾಯಿಯವರೂ ನನ್ನೊಂದಿಗೆ ಚರ್ಚ್ ನೋಡಲು ಬರುತ್ತಾರೆ. ಫ್ಯಾನಿನ ಕೆಳಗೆ ಅವರಿಗೊಂದು ಜಾಗ ಇರಲಿ. ನಿಮ್ಮ ಪ್ರವಚನದ ನಡುವೆ ಅವರಿಗೆ ನಿದ್ದೆ ಹತ್ತಿದರೆ, ದಯವಿಟ್ಟು ಯಾರೂ ಎಬ್ಬಿಸಬಾರದು.

ನಿಮ್ಮ ಆಶೀರ್ವಾದ ಬೇಡುವ,
ಮಾರ್ಥಾ