ಲಗ್ನಪತ್ರಿಕೆಯ ತುಳಸಿ

ಗಜೇಂದ್ರಗಡ

ಅವ್ವನಿಗೆ ನಾಗರತ್ನಾಳ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪತ್ರ.

ನಿನ್ನ ಮೊಮ್ಮಗಳು ಮೇಘಾಳ ಲಗ್ನಪತ್ರಿಕೆಗಳಿಗೆ ಔಷಧಿ ಗಿಡಗಳ ಅಂಚೆಚೀಟಿ ಹಚ್ಚಿಯೇ ಸವಡಿಗೆ ಕಳಿಸಿದ್ದೆ. ಮೂಲೆಗೆ ಅರಿಷಿಣ ಹಚ್ಚಿ ಡಬ್ಬಿಗೆ ಹಾಕುವುದಷ್ಟೇ ನಿನ್ನ ಕೆಲಸವಾಗಿತ್ತು. ನೀನು ತುಳಸಿಯ ಚೀಟಿಗಳನ್ನೆಲ್ಲ ಕಿತ್ತು ದೇವರ ಜಗಲಿಯ ಮೇಲಿಟ್ಟು, ಪತ್ರಿಕೆಗಳನ್ನು ಹಾಗೇ ಟಪಾಲು ಡಬ್ಬಿಗೆ ಹಾಕಿದೆ. ಕೇಳಿದರೆ, "ಟಪಾಲದವ್ರು ತುಳಸವ್ವನ ಮಾರಿ ಮ್ಯಾಲ ಕರೇ ಶಿಕ್ಕಾ ಬಡೀತಾರ, ನೋಡ್ಕೋತ ಕುಂದ್ರಲೇನು?" ಎಂದು ನನ್ನನ್ನೇ ಬೈದೆ.

ಈಗ ಕೊಣ್ಣೂರಿನ ಸೋದರಮಾವ ದಂಡ ಕಟ್ಟಿ ಪತ್ರಿಕೆ ಬಿಡಿಸಿಕೊಂಡು, "ಲಗ್ನಕ್ಕ ಕರಿಯೋದು ಹಿಂಗೇನು? ನಾ ಬರಾಂಗಿಲ್ಲ" ಎನ್ನುತ್ತಿದ್ದಾನೆ. ನಿನ್ನ ಅಣ್ಣ, ನೀನೇ ಹೋಗಿ ಕರೆದು ಬಾ.

ನನ್ನ ಬಳಿ ಉಳಿದದ್ದೂ ತುಳಸಿಯ ಚೀಟಿಯೇ. ಹಚ್ಚಲು ಹೋದೆ, ಹಾಳಾದ್ದು, ಕೈ ಬರಲಿಲ್ಲ. ಲಕೋಟೆಯ ಒಳಗೇ ಇಟ್ಟಿದ್ದೇನೆ, ಜಗಲಿಯ ಮೇಲಿಡು. ಈ ಪತ್ರದ ದಂಡ ನೀನೇ ಕಟ್ಟು.

ನಿನ್ನ ಮಗಳು,
ನಾಗರತ್ನಾ