ಭುಜದಿಂದ ಆರಂಭವಾಗುವ ಇಲಿ

ಗುಂಡ್ಲುಪೇಟೆ
18 ನವೆಂಬರ್ 2007

ಪ್ರಿಯ ಶಿಷ್ಯೆ ಫರ್ಹೀನಳಿಗೆ ಆಶೀರ್ವಾದಗಳು.

ನಿನ್ನ ಸಂಶೋಧನಾ ಪ್ರಬಂಧದ ಅಚ್ಚಾದ ಪ್ರತಿ ತಲುಪಿ ಹತ್ತೊಂಬತ್ತು ದಿನಗಳಾದವು. ಉತ್ತರ ತಡವಾದುದಕ್ಕೆ ಕ್ಷಮಿಸು. ಎರಡು ಸಲ ಬರೆದು ಹರಿದೆ. ಆ ಮಾತುಗಳು ಮೇಷ್ಟರ ಬಾಯಿಗೆ ಒಪ್ಪುವಂಥವಾಗಿರಲಿಲ್ಲ. ಇದೂ ಸಿಹಿಯಾಗಿಲ್ಲ. ಕುಳಿತು ಓದು.

ಮೊದಲ ದಿನ ನಾನೂ ಹಿಗ್ಗಿದೆ. ಪೆಪ್ಟೈಡಿಗೆ, ಅಂದರೆ ಅಮೈನೋ ಆಮ್ಲಗಳ ಆ ಪುಟ್ಟ ಸರಪಳಿಗೆ, ತಾಮ್ರವನ್ನು ವೇಗವರ್ಧಕವಾಗಿ ಬಳಸಿ ವಿಕಿರಣಶೀಲ ಅಯೋಡಿನ್ ಜೋಡಿಸಿದ್ದೀಯೆ. ಅದು ದೇಹದೊಳಗೆ ಗಡ್ಡೆಯನ್ನು ಹುಡುಕಿ ಅಂಟಿಕೊಂಡು, ಗಡ್ಡೆ ಎಲ್ಲಿದೆಯೆಂದು ಚಿತ್ರದಲ್ಲಿ ತೋರಿಸುತ್ತದೆ. ಇಲಿಗೆ ಚುಚ್ಚಿ ತೆಗೆದ ಸ್ಕ್ಯಾನ್ ಚಿತ್ರವನ್ನೇ ಸಾಕ್ಷಿಯಾಗಿ ಕೊಟ್ಟಿದ್ದೀಯೆ. ಹಳೆಯ ವಿಧಾನದಲ್ಲಿ ಕಳಚಿಕೊಳ್ಳುತ್ತಿದ್ದ ಅಯೋಡಿನ್ ನಿನ್ನ ವಿಧಾನದಲ್ಲಿ ಕಳಚುವುದಿಲ್ಲ ಎಂಬುದೇ ಪ್ರಬಂಧದ ಜೀವ.

ಮರುದಿನ ನಮ್ಮ ಕಾಲೇಜಿನ ಹಳೆಯ ಲ್ಯಾಬ್ ಅಟೆಂಡರ್ ಮೂಗಯ್ಯ ತೆರಕಣಾಂಬಿಯಿಂದ ಬಸ್ಸಿನಲ್ಲಿ ಬಂದ. ಪುಟ ತಿರುವುತ್ತ, “ಸಾ, ಈ ಇಲಿಗೆ ತಲೆನೇ ಇಲ್ವಲ್ಲ ಸಾ! ಯಾರ್ ಕತ್ರಿಸ್ಬುಟ್ರು? ಫರ್ಹೀನಮ್ಮ ಹೋದ್ ವರ್ಸ ಕಳ್ಸಿದ್ ಪಟ್ದಲ್ಲಿ ಮೂತಿವರ್ಗೂ ಇತ್ತು ಕಣೇಳಿ” ಎಂದ.

ಬೀರುವಿನಿಂದ ಆ ಚಿತ್ರವಿದ್ದ ನಿನ್ನ ಹಳೆಯ ಪತ್ರ ತೆಗೆದು ಪಕ್ಕದಲ್ಲಿಟ್ಟೆ. ಅದೇ ಇಲಿ, ಅದೇ ದಿನಾಂಕ. ಅಯೋಡಿನ್ನನ್ನು ಹೀರಿಕೊಳ್ಳುವ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ದಟ್ಟವಾದ ಕಪ್ಪು ಚುಕ್ಕೆ. ‘ಸರ್, ಪೆಪ್ಟೈಡಿನ ಜೊತೆ ಇಲ್ಲದ ಅಯೋಡಿನ್ ಅಲ್ಲಿ ಸೇರಿಕೊಂಡಿದೆ, ತುಂಬ ಬೇಸರವಾಗಿದೆ’ ಎಂದು ಅಂದು ನೀನೇ ಬರೆದಿದ್ದೆ. ಅಚ್ಚಿನಲ್ಲಿ ಚಿತ್ರ ಭುಜದಿಂದ ಆರಂಭವಾಗುತ್ತದೆ.

ಅಂದು ಸಂಜೆ ಫೋನ್ ಮಾಡಿ ಕೇಳಿದಾಗ ನೀನು ಕೊಟ್ಟ ಸಮಾಧಾನವೇ ನನ್ನ ನೆತ್ತಿಗೆ ಬೆಂಕಿ ಹಚ್ಚಿತು. “ಗಡ್ಡೆ ಕಂಡ್ರೆ ಸಾಕು ಅಂದ್ರು ಸರ್ ನಮ್ ಗೈಡು. ಎಲ್ರೂ ಹಿಂಗೇ ಮಾಡ್ತಾರೆ.” ಎಲ್ಲರೂ ಎಂದರೆ ಯಾರು? ಕತ್ತರಿಸಿದ ಕೈ ಗೈಡಿನದೇ, ನಿನ್ನದೇ? ನಾಳೆ ಯಾರೋ ವೈದ್ಯರು ಈ ಚಿತ್ರವನ್ನು ನಂಬಿ ರೋಗಿಗೆ ಇದನ್ನು ಚುಚ್ಚಿದರೆ, ಗಡ್ಡೆಗೆ ಹೋಗಬೇಕಾದದ್ದು ಆಕೆಯ ಕುತ್ತಿಗೆಯಲ್ಲಿ ಕೂರುತ್ತದೆ. ಆಗ ಏನನ್ನು ಕತ್ತರಿಸುತ್ತೀಯೆ?

ಗುರುವಾರ ಚಾಮರಾಜನಗರಕ್ಕೆ ಹೋಗಿದ್ದೆ. ನಿನ್ನ ತಂದೆ ಅಬ್ದುಲ್ ಜಬ್ಬಾರರು ಪಾತ್ರೆಗಳಿಗೆ ಕಲಾಯಿ ಹಾಕುವ ತಮ್ಮ ಅಂಗಡಿಯಲ್ಲಿ ತಲೆಯಿಲ್ಲದ ಇಲಿಯ ಅದೇ ಪುಟಕ್ಕೆ ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿದ್ದಾರೆ. “ಬನ್ನಿ ಮೇಷ್ಟ್ರೇ, ಕೂತ್ಕಳಿ. ಇಂಗ್ಲಿಷು ನಂಗೆಲ್ಲಿ ಬತ್ತದೆ? ಪಾತ್ರೆ ತಂದೋರ್ಗೆಲ್ಲ ಹೇಳ್ತೀನಿ, ನಾನೂ ತಾಮ್ರನೇ ಉಜ್ಜದು, ನಮ್ ಬೇಟಿನೂ ತಾಮ್ರದ್ದೇ ಕೆಲ್ಸ, ಅವಳ್ದು ಮಾತ್ರ ಎಸಿ ರೂಮಲ್ಲಿ ಅಂತ!” ಎಂದು ನಕ್ಕರು. ಟೀ ತರಿಸಿದರು. ಆ ಪುಟಕ್ಕೆ ಬೆನ್ನು ಹಾಕಿ ಕುಳಿತು ಕುಡಿದೆ.

ಈಗ ಕೇಳು. ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿ ಬರೆ. ಪೂರ್ಣ ಚಿತ್ರ ಕಳಿಸು. ಮುಂದಿನ ತಿಂಗಳ ನಿನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಮೊದಲೇ ಆಗಬೇಕು. ಗೈಡು ಸಿಟ್ಟಾಗುತ್ತಾರೆ, ಪದವಿ ಒಂದು ವರ್ಷ ತಡವಾಗುತ್ತದೆ. ಆಗಲಿ. ಕುತ್ತಿಗೆಯಲ್ಲಿ ಕಂಡ ಆ ಅಯೋಡಿನ್ ಮೊದಲೇ ಜೋಡಣೆಯಾಗದೆ, ಶುದ್ಧೀಕರಣದಲ್ಲೂ ಹೋಗದೆ ಉಳಿದುಕೊಂಡಿತ್ತೋ, ದೇಹದೊಳಗೆ ಹೋದ ಮೇಲೆ ಕಳಚಿತೋ? ಮೊದಲನೆಯದಾದರೆ ನಿನ್ನ ವಿಧಾನ ಇನ್ನೂ ಬದುಕಿದೆ, ತಾಯಿ! ಇದನ್ನು ಪ್ರಯೋಗ ಮಾಡಿ ತೋರಿಸುವ ಶಕ್ತಿ ನಿನಗಿದೆ ಎಂಬ ನಂಬಿಕೆ ಇಲ್ಲದಿದ್ದರೆ ಇಷ್ಟು ಕೋಪವೂ ಬರುತ್ತಿರಲಿಲ್ಲ. ಅದನ್ನು ಮಾಡದೆ ಪಡೆದ ಪದವಿಯ ಸುದ್ದಿಯನ್ನು ಮಾತ್ರ ನನಗೆ ತಿಳಿಸಬೇಡ.

ನಿನಗೆ ಆರೋಗ್ಯವೂ ಧೈರ್ಯವೂ ಇರಲಿ.

ನಿನ್ನ ಮೇಷ್ಟರು,
ಶಾಂತರಾಜು

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. 1997ರ ಪಿಯುಸಿ ಪ್ರಾಯೋಗಿಕ ಪರೀಕ್ಷೆಯ ದಿನ ನಿನಗೆ ಜ್ವರವಿತ್ತು. ದ್ರಾವಣ ಅಳೆಯುವ ಬ್ಯುರೆಟ್ಟಿನ ಮೂರು ರೀಡಿಂಗುಗಳೂ ಒಂದಕ್ಕೊಂದು ಹೊಂದಲಿಲ್ಲ. ಪರೀಕ್ಷಕನಾಗಿದ್ದ ನಾನು “ಮೂರೂ ಹತ್ತು ಪಾಯಿಂಟ್ ಎರಡು ಅಂತ ಬರಿ” ಎಂದು ಪಿಸುಗುಟ್ಟಿದೆ. “ನಂಗೆ ಬಂದಿದ್ದು ಅದಲ್ಲ ಸರ್” ಎಂದು ನೀನು ಎರಡು ಬಾರಿ ಹೇಳಿದೆ. ನಿನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ತಿದ್ದಿದೆ. ಪೂರ್ಣ ಅಂಕ ಬಂತು. ಅಂದು ನೀನು ಅತ್ತೆ. ಸಂತೋಷಕ್ಕೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.