ಎಡಗೆನ್ನೆಯ ಗುಳಿ

ಫೆಬ್ರವರಿ 3, ಬೆಳಿಗ್ಗೆ 7

ಮತ್ತೆ ಮೇಣ ಕರಗಿಸಿದೆ. ಹಾಲಿನ ಪಾತ್ರೆಯಲ್ಲೇ. ಹದಿನಾರು ವರ್ಷ ಜೇಡಿಮಣ್ಣಿನ ಶಿಲ್ಪ. ಕಲಿಸಿದವರಿಲ್ಲ — ಲೈಬ್ರರಿ ಪುಸ್ತಕ, ಯೂಟ್ಯೂಬ್, ಒಡೆದುಹೋದ ತಲೆಗಳು. ಈಗ ಮೊದಲ ಸಲ ಕಂಚು. ಅಮ್ಮನ ಮುಖ. ಅವಳು ಹೋಗಿ ಹನ್ನೊಂದು ವರ್ಷ. ಒಂದು ಫೋಟೋದಲ್ಲೂ ನಕ್ಕಿಲ್ಲ. ಆ ನಗು ಉಳಿದಿರುವುದು ಅಪ್ಪನ ಬೆರಳುಗಳಲ್ಲಿ. ಅವರಿಗೀಗ ಕಣ್ಣು ಕಾಣುವುದಿಲ್ಲ.

ಫೆಬ್ರವರಿ 5

ಅಪ್ಪ ಮೇಣದ ಮುಖ ಸವರಿದರು. "ಇದ್ಯಾರೇ? ನಿಮ್ಮ ಸೋದರತ್ತೆ ಥರ ಇದ್ದಾಳೆ."

"ಅಪ್ಪಾ!"

"ಗಲ್ಲ ಸ್ವಲ್ಪ ಇಳಿಸು. ನಕ್ಕರೆ ಇಲ್ಲಿ ಗುಳಿ ಬೀಳ್ತಿತ್ತು."

ಎಡಗೆನ್ನೆಗೆ ಹೆಬ್ಬೆರಳು ಒತ್ತಿದರು. ತುಂಬ ಹೊತ್ತು ತೆಗೆಯಲಿಲ್ಲ. ತೆಗೆದಾಗ — ಅಮ್ಮ ಬಂದಿದ್ದಳು.

ಫೆಬ್ರವರಿ 19

ಎರಕದ ಮೇಸ್ತ್ರಿಗೆ ಒಪ್ಪಿಸಿದೆ. ಸುತ್ತ ಮಣ್ಣು ಮೆತ್ತಿ ಸುಡುತ್ತಾರೆ. ಮೇಣ ಹರಿದುಹೋದ ಜಾಗಕ್ಕೆ ಕಂಚು.

"ಎರಕ ಕೆಟ್ರೆ ಇರ್ಲಿ ಅಂತ ಇದರದ್ದು ಇನ್ನೊಂದು ಅಚ್ಚು ತೆಗೆದಿಟ್ಟಿದೀರಾ?" ಎಂದರು.

ಇಲ್ಲ. ಪುಸ್ತಕದ ಆ ಪುಟ ಹಾರಿಸಿದ್ದೆನೇನೋ. ಕವಿತೆಯ ಹಾಗೆ ಎಲ್ಲೆಂದರಲ್ಲಿ ತೆರೆದು ಓದುವ ದುರಭ್ಯಾಸ.

"ಭಾರಿ ಧೈರ್ಯ ಮೇಡಂ ನಿಮ್ದು."

ಬಸ್ಸಿನಲ್ಲಿ ಮಡಿಲು ಹಗುರ. ಇಲ್ಲದ ತೂಕವನ್ನು ಹಿಡಿದುಕೊಂಡೇ ಕೂತಿದ್ದೆ.

ಮಾರ್ಚ್ 2

ಇಂದು ಮೇಣ ಹರಿದಿರಬೇಕು. ಅಮ್ಮ ಈಗ ಮಣ್ಣಿನೊಳಗೆ ಅವಳದೇ ಆಕಾರದ ಒಂದಿಷ್ಟು ಗಾಳಿ...

ಮಾರ್ಚ್ 14, ಮಧ್ಯಾಹ್ನ

ಅಚ್ಚು ಒಡೆದರು. ತೂತಿಲ್ಲ, ಬಿರುಕಿಲ್ಲ. ರೆಪ್ಪೆ ಕೂಡ ಬಂದಿದೆ. ಎಡಗೆನ್ನೆ — ನುಣ್ಣಗೆ.

"ಅಲ್ಲಿ ತಗ್ಗು ಬಿದ್ದಿತ್ತು ಮೇಡಂ. ಯಾರೋ ಬೆರಳು ಒತ್ತಿಬಿಟ್ಟಿದ್ರು. ನಾನೇ ಮೇಣ ತುಂಬಿ ಸರಿ ಮಾಡ್ದೆ." ಮೇಸ್ತ್ರಿಯ ಮುಖ ಅರಳಿತ್ತು. ವಿಷಯ ತಿಳಿಸಿದಾಗ ಪಾಪ, ಉಳಿ ತಂದರು. "ಈಗ್ಲೇ ಕೊರೆದು ಕೊಡ್ಲಾ?"

ಬೇಡ ಎಂದೆ. ಉಳಿ ಕೊರೆದದ್ದು ಅಪ್ಪನ ಹೆಬ್ಬೆರಳಾದೀತೇ?

ಮಾರ್ಚ್ 16

ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. "ಅವಳು ಬಂದ್ಲಾ?" — ಅಪ್ಪ ಎರಡು ಸಲ ಕೇಳಿದರು. ಎರಡು ಸಲವೂ ಸುಳ್ಳು ಹೇಳಿದೆ.

ಮಾರ್ಚ್ 17, ಸಂಜೆ 4

ಕಂಚು ತಣ್ಣಗೆ ತಾಗದಿರಲೆಂದು ಕಿಟಕಿಯ ಬಿಸಿಲಿಗಿಟ್ಟೆ. ಆಮೇಲೆ ಅಪ್ಪನ ಕೈ ಹಿಡಿದು ಕರೆತಂದೆ. ಹಣೆ, ಹುಬ್ಬು, ಮೂಗು. ಹೆಬ್ಬೆರಳು ಎಡಗೆನ್ನೆಗೆ ಬಂತು. ನಿಂತಿತು. ಹುಡುಕಿತು.

"ನಗು ನಿಲ್ಲಿಸಿಬಿಟ್ಟಿದ್ದಾಳಲ್ಲೇ. ಏನಂದೆ ಅವಳಿಗೆ?"

ಎಲ್ಲ ಹೇಳಿದೆ — ಮೇಸ್ತ್ರಿ, ಮೇಣ, ನಾನು ಹಾರಿಸಿದ ಪುಟ. ಅಪ್ಪ ಕೈ ತೆಗೆಯಲಿಲ್ಲ.

"ಇರ್ಲಿ ಬಿಡು. ನಗೋದಕ್ಕೆ ಮುಂಚೆ ಹೀಗೇ ಇರ್ತಿದ್ಲು. ಬೆಚ್ಚಗಿದ್ದಾಳೆ."

ಇನ್ನೂ ಅಲ್ಲೇ ಕೂತಿದ್ದಾರೆ. ಅವಳ ಕಿವಿಯಲ್ಲಿ ಏನೋ ಹಳೆಯ ತಮಾಷೆ ಹೇಳುತ್ತಿದ್ದಾರೆ. ಬಿಸಿಲು ಗಲ್ಲದಿಂದ ಜಾರುತ್ತಿದೆ. ಅವಳನ್ನು ಕಿಟಕಿಯ ಆ ತುದಿಯ ಬಿಸಿಲಿಗೆ ಸರಿಸಬೇಕು, ತಮಾಷೆ ಮುಗಿಯುವಷ್ಟರಲ್ಲಿ.